ಡಿಗ್ರಿ ಮುಗಿಸಿ ಚೆನ್ನೈಗೆ ಹೊರಟವರಿಗೆ: ಸಂಬಳವಿಲ್ಲದ ಇಂಟರ್ನ್‌ಶಿಪ್‌ಗೆ ಒಪ್ಪುವ ಮುನ್ನ ಎಂಟು ಹಂತ

ಕೊನೆಯ ಸೆಮಿಸ್ಟರಿನ ಫಲಿತಾಂಶ ಬಂದ ಮೇಲೆ ಕೆಲಸ ಹುಡುಕಿಕೊಂಡು ಚೆನ್ನೈ ಕಡೆ ಮುಖ ಮಾಡುವುದು ನಮ್ಮವರಿಗೆ ಹೊಸದಲ್ಲ. ದಕ್ಷಿಣ ಕನ್ನಡವೂ ಕಾಸರಗೋಡೂ 1956ರವರೆಗೆ ಮದ್ರಾಸಿನ ಆಡಳಿತಕ್ಕೇ ಸೇರಿದ್ದವು. ಓದಿದವರು ನೌಕರಿಗೆಂದು, ಓದದವರು ಹೋಟೆಲ್ ಕೆಲಸಕ್ಕೆಂದು ಆ ಊರಿಗೇ ಹೋಗುತ್ತಿದ್ದರು. ಇಂದಿಗೂ ಕಾಸರಗೋಡಿನಿಂದ ಮಂಗಳೂರು ಮೇಲ್ ಹತ್ತಿ, ಬೆಂಗಳೂರಿನಿಂದ ಬೃಂದಾವನವನ್ನೋ ಲಾಲ್‌ಬಾಗ್ ಎಕ್ಸ್‌ಪ್ರೆಸ್ಸನ್ನೋ ಹಿಡಿದು, ಹೊಸೂರು ತಾಳವಾಡಿಗಳಿಂದ ಬಸ್ಸಿನಲ್ಲಿ ಕನ್ನಡದ ಮಕ್ಕಳು ಅಲ್ಲಿಗೆ ಹೋಗಿ ಇಳಿಯುತ್ತಾರೆ. ಆದರೆ ಈಗ ಮೊದಲು ಸಿಗುವುದು ನೌಕರಿಯಲ್ಲ, ಇಂಟರ್ನ್‌ಶಿಪ್. ಅದರಲ್ಲೂ ಬಹಳಷ್ಟು ಕಡೆ ಕೇಳಿಬರುವ ಮಾತು: "ಈಗಲೇ ಸಂಬಳ ಇಲ್ಲ, ಅನುಭವ ಸಿಗುತ್ತದೆ."

ಸಂಬಳ ಕೊಡದೆ ಮಾಡಿಸಿಕೊಳ್ಳುವ ಕೆಲಸದ ಖರ್ಚನ್ನು ಕೊನೆಗೆ ಯಾರೋ ಹೊರಲೇಬೇಕು. ಕಂಪನಿ ಹೊರದಿದ್ದರೆ ಊರಿನಲ್ಲಿರುವ ಅಪ್ಪ ಅಮ್ಮ ಹೊರುತ್ತಾರೆ. ಹಾಗಾಗಿ ಒಪ್ಪಿಕೊಳ್ಳುವ ಮೊದಲು, ಕಾನೂನಿನ ಪ್ರಕಾರವೇ ಹಣ ಸಿಗುವ ದಾರಿಗಳಿವೆಯೇ ಎಂದು ನೋಡಬೇಕು. ಅವು ಇವೆ. ಅವುಗಳಲ್ಲಿ ಮುಖ್ಯವಾದ ಒಂದರ ಕಚೇರಿ ಚೆನ್ನೈನ ತರಮಣಿಯಲ್ಲೇ ಇದೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಅನುಸರಿಸಿ.

ಹಂತ 1: ನಿಮ್ಮನ್ನು ಯಾವ ಲೆಕ್ಕದಲ್ಲಿ ಸೇರಿಸಿಕೊಳ್ಳುತ್ತಿದ್ದಾರೆ, ತಿಳಿದುಕೊಳ್ಳಿ

ಹೊಸಬರನ್ನು ಕಂಪನಿಗಳು ಮೂರು ಲೆಕ್ಕದಲ್ಲಿ ಸೇರಿಸಿಕೊಳ್ಳುತ್ತವೆ. ನಿಮ್ಮ ಹಕ್ಕು ಏನೆಂಬುದು ಇದರ ಮೇಲೆ ನಿಂತಿದೆ.

ಇಂಟರ್ನ್: ಇಷ್ಟೇ ಕೊಡಬೇಕು ಎಂದು ಹೇಳುವ ಪ್ರತ್ಯೇಕ ಕಾನೂನು ನಮ್ಮ ದೇಶದಲ್ಲಿಲ್ಲ. ನೀವೂ ಕಂಪನಿಯೂ ಬರವಣಿಗೆಯಲ್ಲಿ ಒಪ್ಪಿಕೊಂಡದ್ದೇ ನಿಮ್ಮ ಆಧಾರ.

ಅಪ್ರೆಂಟಿಸ್: 1961ರ ಅಪ್ರೆಂಟಿಸ್ ಕಾಯ್ದೆಯಡಿ ನೋಂದಣಿಯಾದವರು. ಇವರಿಗೆ ಕನಿಷ್ಠ ಸ್ಟೈಪೆಂಡ್ ಕೊಡಲೇಬೇಕು. ಕರಾರಿಗೆ ಸರ್ಕಾರಿ ಮಂಡಳಿಯ ಅನುಮೋದನೆ ಇರುತ್ತದೆ. ಮುಗಿದ ಮೇಲೆ ಸರ್ಕಾರದ ಪ್ರಮಾಣಪತ್ರ ಸಿಗುತ್ತದೆ.

ನೌಕರ: ಟ್ರೈನಿ ಎಂದೋ ಪ್ರೊಬೇಷನರ್ ಎಂದೋ ಹೆಸರಿಟ್ಟರೂ ಸಂಬಳ, ಪಿಎಫ್, ನೇಮಕಾತಿ ಪತ್ರ ಇದ್ದರೆ ಅದು ನೌಕರಿ. ಇಪ್ಪತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗೆ ಪಿಎಫ್ ಕಾನೂನು ಅನ್ವಯಿಸುತ್ತದೆ. ನಿಮಗೆ ಪಿಎಫ್ ಖಾತೆಯ ಯುಎಎನ್ ಸಂಖ್ಯೆ ಕೊಡುತ್ತಾರೆಯೇ ಎಂದು ಕೇಳಿದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿಬಿಡುತ್ತದೆ.

ಎಚ್‌ಆರ್ ಜತೆ ಮೊದಲ ಸಲ ಮಾತಾಡುವಾಗಲೇ ಕೇಳಿಬಿಡಿ: "ನನ್ನನ್ನು ಇಂಟರ್ನ್ ಆಗಿ ತೆಗೆದುಕೊಳ್ಳುತ್ತೀರೋ, ಅಪ್ರೆಂಟಿಸ್ ಕಾಯ್ದೆಯಡಿಯೋ, ನೌಕರನಾಗಿಯೋ?"

ಹಂತ 2: ಚೆನ್ನೈಯಲ್ಲಿ ತಿಂಗಳಿಗೆ ಎಷ್ಟು ಬೇಕು, ಲೆಕ್ಕ ಹಾಕಿ

ಮನೆಯವರ ಜತೆ ಕೂತು ಒಂದು ಹಾಳೆಯಲ್ಲಿ ಬರೆಯಿರಿ. ಒಂದು ಮಾದರಿ: ಮೂವರು ಹಂಚಿಕೊಳ್ಳುವ ಪಿಜಿ, ಊಟ ಸೇರಿ 8,000 ರೂಪಾಯಿ; ಓಡಾಟಕ್ಕೆ 1,200; ಮೊಬೈಲ್, ಸೋಪು, ಬಟ್ಟೆ ಒಗೆತ ಇತ್ಯಾದಿಗೆ 1,300; ಔಷಧಿ ಮತ್ತು ಊರಿಗೆ ಹೋಗಿಬರುವ ಖರ್ಚಿಗೆಂದು ತೆಗೆದಿಡುವುದು 1,500. ಒಟ್ಟು ತಿಂಗಳಿಗೆ 12,000. ಆರು ತಿಂಗಳು ಸಂಬಳವಿಲ್ಲದೆ ದುಡಿದರೆ ಮನೆಯಿಂದ ಹೋಗುವುದು 72,000 ರೂಪಾಯಿ, ಪಿಜಿಯ ಅಡ್ವಾನ್ಸ್ ಬೇರೆ. ಅದೇ ತಿಂಗಳಿಗೆ 9,000 ರೂಪಾಯಿ ಸ್ಟೈಪೆಂಡ್ ಬರುವ ಅಪ್ರೆಂಟಿಸ್‌ಶಿಪ್ ಆದರೆ ಇಡೀ ವರ್ಷಕ್ಕೆ ಮನೆಯವರು ಸೇರಿಸಬೇಕಾದದ್ದು 36,000. ನಿಮ್ಮ ಅಂಕಿಗಳು ಬೇರೆ ಇರಬಹುದು. ಆದರೆ ಈ ಹಾಳೆ ಕೈಯಲ್ಲಿಲ್ಲದೆ ಯಾವುದಕ್ಕೂ ಹೂಂ ಅನ್ನಬೇಡಿ.

ಕೆಲಸದ ಜಾಗವನ್ನೂ ಸರಿಯಾಗಿ ಕೇಳಿಕೊಳ್ಳಿ. ಪತ್ರದಲ್ಲಿ ಚೆನ್ನೈ ಎಂದಿದ್ದರೂ ಕಾರ್ಖಾನೆ ಶ್ರೀಪೆರಂಬುದೂರಿನಲ್ಲೋ ಒರಗಡಂನಲ್ಲೋ ಇದ್ದರೆ ನಗರದ ನಡುವಿನಿಂದ ಸುಮಾರು ನಲವತ್ತು ಐವತ್ತು ಕಿಲೋಮೀಟರ್ ದೂರ. ಕಂಪನಿ ಬಸ್ಸು ಎಲ್ಲಿಂದ ಹೊರಡುತ್ತದೆ, ಇಂಟರ್ನ್‌ಗಳಿಗೂ ಅದರಲ್ಲಿ ಜಾಗವಿದೆಯೇ, ಕ್ಯಾಂಟೀನ್ ಊಟ ಸಿಗುತ್ತದೆಯೇ ಎಂದು ಕೇಳಿದ ಮೇಲೆಯೇ ಮನೆ ಹುಡುಕಿ. ಹಳೆ ಮಹಾಬಲಿಪುರಂ ರಸ್ತೆ (ಓಎಂಆರ್) ಕಡೆಯ ಸಾಫ್ಟ್‌ವೇರ್ ಕಚೇರಿಯಾದರೆ ತರಮಣಿ, ಪೆರುಂಗುಡಿ, ವೇಳಚ್ಚೇರಿಯ ಪಿಜಿಗಳು ಹತ್ತಿರ. ಒಂಟಿ ಗಂಡಸರಿಗೆ ತಿರುವಲ್ಲಿಕೇಣಿಯ ಮ್ಯಾನ್ಷನ್‌ಗಳು ಹಳೆಯ ಆಸರೆ. ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ತಮಿಳುನಾಡು ಸರ್ಕಾರದ 'ತೋಳಿ' ಹಾಸ್ಟೆಲ್‌ಗಳಿವೆ. ಕೈ ತೀರಾ ಬಿಗಿಯಾದ ದಿನ 2013ರಲ್ಲಿ ಆರಂಭವಾದ ಅಮ್ಮ ಉಣವಗಂ ಕ್ಯಾಂಟೀನುಗಳಲ್ಲಿ ಹೊಟ್ಟೆ ತುಂಬ ತಿನ್ನಬಹುದು. ಅಲ್ಲಿ ಇಡ್ಲಿಗೆ ಒಂದು ರೂಪಾಯಿ, ಸಾಂಬಾರ್ ಅನ್ನಕ್ಕೆ ಐದು ರೂಪಾಯಿ ಎಂದು ದರ ಗೊತ್ತುಮಾಡಿದ್ದಾರೆ.

ಹಂತ 3: ಕಾಗದಪತ್ರ ಒಂದೆಡೆ ಸೇರಿಸಿ

ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಎಲ್ಲ ಸೆಮಿಸ್ಟರಿನ ಅಂಕಪಟ್ಟಿ, ಪ್ರಾವಿಷನಲ್ ಸರ್ಟಿಫಿಕೇಟ್ ಅಥವಾ ಘಟಿಕೋತ್ಸವದ ಪ್ರಮಾಣಪತ್ರ, ಆಧಾರ್, ಪ್ಯಾನ್, ಫೋಟೋ. ಹೆಸರು, ಇನಿಷಿಯಲ್, ಹುಟ್ಟಿದ ತಾರೀಕು ಎಲ್ಲದರಲ್ಲೂ ಒಂದೇ ಇರಲಿ. ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಆಧಾರಿನಲ್ಲಿ ಹಿಂದೆ ಇದ್ದು ಅರ್ಜಿ ನಿಂತುಹೋಗುವುದು ನಮ್ಮ ಕಡೆಯ ಮಕ್ಕಳಿಗೆ ಸಾಮಾನ್ಯ. ಊರಿನಲ್ಲಿರುವಾಗಲೇ ತಿದ್ದಿಸಿಕೊಳ್ಳಿ.

ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದು ಬ್ಯಾಂಕಿನಲ್ಲೇ ವಿಚಾರಿಸಿ. ಸರ್ಕಾರ ಕೊಡುವ ಸ್ಟೈಪೆಂಡಿನ ಪಾಲು ಆಧಾರ್ ಜೋಡಿಸಿದ ಖಾತೆಗೇ ನೇರವಾಗಿ ಬರುತ್ತದೆ.

ಡಿಜಿಲಾಕರ್‌ನಲ್ಲಿ ಅಂಕಪಟ್ಟಿ ಇಳಿಸಿಟ್ಟುಕೊಳ್ಳಿ. ಅದಕ್ಕೆ ಮೂಲಪ್ರತಿಯಷ್ಟೇ ಕಾನೂನಿನ ಮಾನ್ಯತೆ ಇದೆ. ಮೂಲ ಪ್ರಮಾಣಪತ್ರಗಳನ್ನು ಚೆನ್ನೈಗೆ ಹೊತ್ತೊಯ್ಯುವ ಅಗತ್ಯವೂ ಆಗ ಕಡಿಮೆಯಾಗುತ್ತದೆ.

ಹಂತ 4: ಮೊದಲು ತರಮಣಿಯ ಬಾಗಿಲು ತಟ್ಟಿ

ಈ ಬರಹದಲ್ಲಿ ಒಂದೇ ಹಂತ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಡಿಗ್ರಿ, ಡಿಪ್ಲೊಮಾ ಮುಗಿಸಿದವರಿಗೆ ಕೇಂದ್ರ ಶಿಕ್ಷಣ ಸಚಿವಾಲಯದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ ಇದೆ. ಎಲ್ಲರೂ ನ್ಯಾಟ್ಸ್ ಅನ್ನುತ್ತಾರೆ. ಇದನ್ನು ನೋಡಿಕೊಳ್ಳುವ ಮಂಡಳಿಗಳು ದೇಶದಲ್ಲಿ ನಾಲ್ಕು: ಮುಂಬೈ, ಕಾನ್ಪುರ, ಕೋಲ್ಕತ್ತ ಮತ್ತು ಚೆನ್ನೈ. ಚೆನ್ನೈನ ದಕ್ಷಿಣ ವಲಯದ ಮಂಡಳಿ ತರಮಣಿಯಲ್ಲಿದೆ. ತಮಿಳುನಾಡು ಮಾತ್ರವಲ್ಲ, ಕರ್ನಾಟಕ, ಕೇರಳ, ಆಂಧ್ರ, ತೆಲಂಗಾಣವೂ ಇದರ ವ್ಯಾಪ್ತಿಗೇ ಬರುತ್ತವೆ. ಹುಬ್ಬಳ್ಳಿಯಲ್ಲಿ ಅಪ್ರೆಂಟಿಸ್ ಆದವರ ಕಡತವೂ ಅಂಬತ್ತೂರಿನಲ್ಲಿ ಅಪ್ರೆಂಟಿಸ್ ಆದವರ ಕಡತವೂ ಸೇರುವುದು ಈ ಒಂದೇ ಕಚೇರಿಗೆ.

ಇದು ಬರೀ ಎಂಜಿನಿಯರುಗಳಿಗೆ ಎಂದು ಹಲವರು ಬಿಟ್ಟುಬಿಡುತ್ತಾರೆ. 2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಬಿಎ, ಬಿಕಾಂ, ಬಿಎಸ್‌ಸಿ, ಬಿಸಿಎ ಓದಿದವರಿಗೂ ದಾರಿ ತೆರೆದಿದೆ. 2019ರ ನಿಯಮದ ಪ್ರಕಾರ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ, ಡಿಪ್ಲೊಮಾದವರಿಗೆ 8,000. ನ್ಯಾಟ್ಸ್‌ನಲ್ಲಿ ಈ ಕನಿಷ್ಠ ಮೊತ್ತದ ಅರ್ಧವನ್ನು ಸರ್ಕಾರ ಭರಿಸುತ್ತದೆ. ಸ್ಟೈಪೆಂಡನ್ನು ಶೇಕಡಾ 36ರಷ್ಟು ಹೆಚ್ಚಿಸಬೇಕೆಂದು ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿತು. ಆದ್ದರಿಂದ ಸೇರುವ ದಿನ ಜಾರಿಯಲ್ಲಿರುವ ದರವನ್ನು ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆ ತನ್ನ ಒಟ್ಟು ಬಲದ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಅಂದರೆ ನೀವು ಕೇಳುತ್ತಿರುವುದು ಭಿಕ್ಷೆಯಲ್ಲ, ಕಂಪನಿಯ ಮೇಲಿರುವ ಹೊಣೆ.

ಮಾಡಬೇಕಾದ್ದು ಇಷ್ಟು:

1. ನ್ಯಾಟ್ಸ್ ಪೋರ್ಟಲ್‌ನಲ್ಲಿ ವಿದ್ಯಾರ್ಥಿಯಾಗಿ ನೋಂದಾಯಿಸಿ, ದಾಖಲೆ ಏರಿಸಿ, ಎನ್‌ರೋಲ್‌ಮೆಂಟ್ ಸಂಖ್ಯೆ ಬರೆದಿಟ್ಟುಕೊಳ್ಳಿ.
2. ಚೆನ್ನೈ, ಕಾಂಚೀಪುರಂ, ತಿರುವಳ್ಳೂರು, ಚೆಂಗಲ್ಪಟ್ಟು ಈ ನಾಲ್ಕೂ ಜಿಲ್ಲೆಗಳಲ್ಲಿ ಹುಡುಕಿ. ಕಾರ್ಖಾನೆಗಳು ಹೆಚ್ಚಾಗಿ ಇರುವುದು ಚೆನ್ನೈ ಜಿಲ್ಲೆಯ ಹೊರಗೆ.
3. ಸಾರ್ವಜನಿಕ ಉದ್ದಿಮೆಗಳ ಪ್ರಕಟಣೆಗಳನ್ನು ಗಮನಿಸುತ್ತಿರಿ. ನಂದಂಬಾಕ್ಕಂನ ಬಿಇಎಲ್, ಆವಡಿಯ ಹೆವಿ ವೆಹಿಕಲ್ಸ್ ಫ್ಯಾಕ್ಟರಿ, ನೈವೇಲಿಯ ಎನ್‌ಎಲ್‌ಸಿ ಅಪ್ರೆಂಟಿಸ್‌ಗಳನ್ನು ಕರೆಯುತ್ತವೆ. ಪೆರಂಬೂರಿನ ಐಸಿಎಫ್ ಐಟಿಐ ಮುಗಿಸಿದವರನ್ನೂ ಕರೆಯುತ್ತದೆ.
4. ಪ್ರತಿ ಪ್ರಕಟಣೆಯಲ್ಲಿ "ಯಾವ ರಾಜ್ಯದವರು" ಎಂಬ ಸಾಲನ್ನು ಮೊದಲು ಓದಿ. ಕೆಲವು ಸಂಸ್ಥೆಗಳು ಒಂದೇ ರಾಜ್ಯದವರಿಗೆ ಮೀಸಲಿಡುತ್ತವೆ. ಹೊಸೂರು, ತಾಳವಾಡಿಯ ಕನ್ನಡಿಗರು ತಮಿಳುನಾಡಿನವರಾಗಿ ಅರ್ಜಿ ಹಾಕಬಹುದು. ಕಾಸರಗೋಡಿನವರು ಕೇರಳದ ಲೆಕ್ಕ.
5. ಆಯ್ಕೆಯಾದ ಮೇಲೆ ಕರಾರು ಪೋರ್ಟಲ್‌ನಲ್ಲೇ ತಯಾರಾಗಬೇಕು. ಅದನ್ನು ನೀವು ಒಪ್ಪಬೇಕು, ಮಂಡಳಿ ಅನುಮೋದಿಸಬೇಕು. "ಕಂಪನಿಯಲ್ಲೇ ಸಹಿ ಮಾಡಿ, ಪೋರ್ಟಲ್ ಆಮೇಲೆ ನೋಡೋಣ" ಎಂದರೆ ನೀವಿನ್ನೂ ಅಪ್ರೆಂಟಿಸ್ ಆಗಿಲ್ಲ.

ಎರಡು ಎಚ್ಚರಿಕೆ. ಈ ಅವಕಾಶ ಒಬ್ಬರಿಗೆ ಒಂದೇ ಸಲ. ಒಂದು ವರ್ಷದ ಕೆಲಸದ ಅನುಭವ ಆಗಿಬಿಟ್ಟಿದ್ದರೂ ಸಿಗುವುದಿಲ್ಲ. ಆದ್ದರಿಂದ ಮೊದಲು ಬಂದ ಕರೆಗೇ ಓಡದೆ, ಕಲಿಯಲು ಸಿಗುವ ಕೆಲಸ ನಿಮ್ಮ ಓದಿಗೆ ಹೊಂದುತ್ತದೆಯೇ ಎಂದು ನೋಡಿ. ಇನ್ನೊಂದು, ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂದು ಕಾಯ್ದೆ ಹೇಳುವುದಿಲ್ಲ. ಹುಡುಕಾಟ ನಿಲ್ಲಿಸುವಂತಿಲ್ಲ.

ಹಂತ 5: ಉಳಿದ ದಾರಿಗಳನ್ನೂ ನೋಡಿ

ಕೌಶಲ ಸಚಿವಾಲಯದ ಅಪ್ರೆಂಟಿಸ್‌ಶಿಪ್ ಯೋಜನೆ ನ್ಯಾಪ್ಸ್ 2016ರಿಂದ ಇದೆ. ಇದರಲ್ಲಿ ಸ್ಟೈಪೆಂಡಿನ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಸರ್ಕಾರ ಭರಿಸುತ್ತದೆ. ಅಂಗಡಿ ಮಳಿಗೆ, ಬ್ಯಾಂಕಿಂಗ್, ಲಾಜಿಸ್ಟಿಕ್ಸ್‌ನಂಥ ಕೆಲಸಗಳಿಗೆ ಕಲಾ, ವಾಣಿಜ್ಯ ಪದವೀಧರರು ಇಲ್ಲಿ ಹುಡುಕಬಹುದು.

ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಶುರುವಾಯಿತು. ಆಗ ಗೊತ್ತುಮಾಡಿದಂತೆ 21ರಿಂದ 24ರ ವಯಸ್ಸಿನವರಿಗೆ ದೊಡ್ಡ ಕಂಪನಿಗಳಲ್ಲಿ ಹನ್ನೆರಡು ತಿಂಗಳ ಇಂಟರ್ನ್‌ಶಿಪ್, ತಿಂಗಳಿಗೆ 5,000 ರೂಪಾಯಿ, ಒಂದು ಸಲಕ್ಕೆ 6,000 ರೂಪಾಯಿ. ಮನೆಯ ವರಮಾನ ವರ್ಷಕ್ಕೆ ಎಂಟು ಲಕ್ಷ ದಾಟಿರಬಾರದು. ಪ್ರತಿ ಸುತ್ತಿನ ಷರತ್ತನ್ನು ಅರ್ಜಿ ಹಾಕುವಾಗ ಹೊಸದಾಗಿ ಓದಿ.

ಕರ್ನಾಟಕದವರು ಯುವನಿಧಿಯನ್ನು ಮರೆಯಬೇಡಿ. ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಅರ್ಜಿ ಸೇವಾ ಸಿಂಧುವಿನಲ್ಲಿ. ರಾಜ್ಯದಲ್ಲಿ ಕನಿಷ್ಠ ಆರು ವರ್ಷ ವಾಸವಿದ್ದಿರಬೇಕು ಎಂಬ ಷರತ್ತಿರುವುದರಿಂದ ಗಡಿಯಾಚೆಯ ಕನ್ನಡದ ಮಕ್ಕಳಿಗೆ ಸಾಮಾನ್ಯವಾಗಿ ಇದು ಸಿಗುವುದಿಲ್ಲ. ಅಪ್ರೆಂಟಿಸ್ ಸ್ಟೈಪೆಂಡ್ ಶುರುವಾದ ಮೇಲೆ ಇದನ್ನು ಪಡೆಯುವಂತಿಲ್ಲ. ಸುಳ್ಳು ಘೋಷಣೆ ಮಾಡಿ ತೊಂದರೆಗೆ ಸಿಕ್ಕಿಕೊಳ್ಳಬೇಡಿ.

ನಿಮ್ಮ ಕನ್ನಡವೂ ಚೆನ್ನೈಯಲ್ಲಿ ಬೆಲೆಯುಳ್ಳ ಕೌಶಲವೇ. ಗ್ರಾಹಕ ಸೇವೆಯ ಕಂಪನಿಗಳು ಕನ್ನಡದಲ್ಲಿ ಮಾತಾಡಬಲ್ಲವರನ್ನು ಹುಡುಕುತ್ತವೆ. ಡಬ್ಬಿಂಗ್, ಅನುವಾದ, ಸಬ್‌ಟೈಟಲ್ ಕೆಲಸಗಳಿವೆ. ಐಐಟಿ ಮದ್ರಾಸಿನ ಎಐ4ಭಾರತ್ ಭಾರತೀಯ ಭಾಷೆಗಳ ತಂತ್ರಜ್ಞಾನದಲ್ಲಿ ಕೆಲಸ ಮಾಡುತ್ತದೆ, ಅವುಗಳಲ್ಲಿ ಕನ್ನಡವೂ ಒಂದು. ರೆಸ್ಯೂಮೆಯ ಕೊನೆಗೆ "ತಿಳಿದಿರುವ ಭಾಷೆಗಳು" ಎಂದು ಒಂದು ಸಾಲು ಬರೆದು ಮುಗಿಸದೆ, ಕನ್ನಡ ಓದಲು, ಬರೆಯಲು, ಟೈಪ್ ಮಾಡಲು, ಅನುವಾದಿಸಲು ಬರುತ್ತದೆ ಎಂದು ಮೇಲುಭಾಗದಲ್ಲೇ ಬಿಡಿಸಿ ಬರೆಯಿರಿ.

ಹಂತ 6: ಸಂಬಳವಿಲ್ಲದ್ದೇ ಗತಿ ಎಂದಾದರೆ ಐದು ಪ್ರಶ್ನೆ ಕೇಳಿ

ಪತ್ರಿಕೋದ್ಯಮ, ಸಿನಿಮಾ ಎಡಿಟಿಂಗ್, ಸಂಶೋಧನೆ, ಸೇವಾಸಂಸ್ಥೆ, ವಕೀಲಿಕೆ ಇಂಥ ಕಡೆ ಹಣವಿಲ್ಲದ ಇಂಟರ್ನ್‌ಶಿಪ್ಪೇ ಮೊದಲ ಮೆಟ್ಟಿಲಾಗಿರುವುದುಂಟು. ಎಲ್ಲವೂ ಶೋಷಣೆಯಲ್ಲ. ಒಳ್ಳೆಯ ಗುರುವಿನ ಕೈಕೆಳಗೆ ನಾಲ್ಕು ವಾರ ಕಲಿತದ್ದು ಕೈಬಿಡುವುದಿಲ್ಲ. ಆದರೆ ಇಮೇಲಿನಲ್ಲಿ ಈ ಐದು ಪ್ರಶ್ನೆ ಕಳಿಸಿ, ಉತ್ತರ ಬರುವವರೆಗೆ ರೈಲು ಹತ್ತಬೇಡಿ:

"ನಮಸ್ಕಾರ. ಅವಕಾಶ ಕೊಟ್ಟಿದ್ದಕ್ಕೆ ಧನ್ಯವಾದ. ಸೇರುವ ಮೊದಲು ದಯವಿಟ್ಟು ಇವನ್ನು ತಿಳಿಸಿ. ಒಂದು, ಇಂಟರ್ನ್‌ಶಿಪ್ ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ? ಎರಡು, ದಿನಕ್ಕೆ ಎಷ್ಟು ಗಂಟೆ, ವಾರಕ್ಕೆ ಎಷ್ಟು ದಿನ? ಮೂರು, ನನಗೆ ಕಲಿಸುವವರು ಯಾರು, ನಾನು ಮಾಡುವ ಕೆಲಸ ಯಾವುದು? ನಾಲ್ಕು, ಓಡಾಟ ಮತ್ತು ಊಟದ ಖರ್ಚು ಕೊಡುತ್ತೀರಾ? ಐದು, ಕೊನೆಗೆ ನನ್ನ ಕೆಲಸದ ವಿವರವಿರುವ ಪ್ರಮಾಣಪತ್ರ ಕೊಡುತ್ತೀರಾ?"

ಈ ಪತ್ರದಲ್ಲಿ ಒರಟುತನ ಏನೂ ಇಲ್ಲ. ಕಲಿಸುವ ಮನಸ್ಸಿರುವವರು ಒಂದೆರಡು ದಿನದಲ್ಲಿ ಉತ್ತರಿಸುತ್ತಾರೆ. "ಇಷ್ಟೆಲ್ಲ ಕೇಳುವವರು ನಮಗೆ ಬೇಡ" ಎಂದರೆ ನಿಮ್ಮ ಮನೆಯ ದುಡ್ಡು ಉಳಿಯಿತು.

ಸಂಬಳವಿಲ್ಲದ ದುಡಿಮೆಗೆ ಎರಡು ಮೂರು ತಿಂಗಳ ಗಡಿ ಹಾಕಿಕೊಳ್ಳಿ. ಮೊದಲ ತಿಂಗಳ ನಂತರವೂ ಕಾಯಂ ನೌಕರರು ಮಾಡುವ ಕೆಲಸವನ್ನೇ ಪೂರ್ತಿ ಹೊತ್ತು ಮಾಡಿಸುತ್ತಿದ್ದರೆ ಅದು ಕಲಿಕೆಯಲ್ಲ, ಬಿಟ್ಟಿ ಕೆಲಸ. ಸ್ಟೈಪೆಂಡ್ ಕೇಳುವುದಕ್ಕೆ ಸಂಕೋಚ ಪಡಬೇಡಿ.

ಕೇಳಿದ್ದರಿಂದ ಪರಿಸ್ಥಿತಿ ಬದಲಾಗುತ್ತದೆ ಎನ್ನುವುದಕ್ಕೆ ಚೆನ್ನೈನದೇ ಉದಾಹರಣೆ ಇದೆ. ಕಿರಿಯ ವಕೀಲರು ಹಿರಿಯರ ಚೇಂಬರಿನಲ್ಲಿ ಬಿಡಿಗಾಸಿಗೆ ವರ್ಷಗಟ್ಟಲೆ ದುಡಿಯುವುದು ತಲೆಮಾರುಗಳ ರೂಢಿ. 2024ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್, ಬದುಕಲು ಬೇಕಾದಷ್ಟೂ ಕೊಡದೆ ಕೆಲಸ ಮಾಡಿಸಿಕೊಳ್ಳುವುದು ಶೋಷಣೆ ಎಂದು ಕಂಡು, ಚೆನ್ನೈ, ಮದುರೈ, ಕೊಯಮತ್ತೂರಿನಲ್ಲಿ ತಿಂಗಳಿಗೆ ಕನಿಷ್ಠ 20,000 ರೂಪಾಯಿ, ಉಳಿದೆಡೆ 15,000 ಕೊಡಿಸುವಂತೆ ತಮಿಳುನಾಡು ಮತ್ತು ಪುದುಚೇರಿಯ ವಕೀಲರ ಪರಿಷತ್ತಿಗೆ ಹೇಳಿತು. ಇದು ನೋಂದಾಯಿತ ವಕೀಲರಿಗೆ, ಕಾನೂನು ವಿದ್ಯಾರ್ಥಿಗಳ ಇಂಟರ್ನ್‌ಶಿಪ್‌ಗಲ್ಲ. ಆದರೂ ಎಲ್‌ಎಲ್‌ಬಿ ಮುಗಿಸಿ ಪ್ಯಾರಿಸ್ ಕಾರ್ನರಿನ ಚೇಂಬರುಗಳ ಮೆಟ್ಟಿಲು ಹತ್ತುವವರು ಈ ಅಂಕಿಯನ್ನು ತಿಳಿದೇ ಮಾತಿಗೆ ಕೂರಬೇಕು.

ಹಂತ 7: ಆಫರ್ ಲೆಟರನ್ನು ಸಾಲು ಸಾಲಾಗಿ ಓದಿ

ಪತ್ರ ಬಂದ ಸಂತೋಷದಲ್ಲಿ ಮೊದಲ ಪುಟ ಓದಿ ಸಹಿ ಹಾಕುವವರೇ ಹೆಚ್ಚು. ಈ ನಾಲ್ಕು ಬಗೆಯ ಸಾಲು ಎಲ್ಲಿದ್ದರೂ ಅಲ್ಲಿ ನಿಂತು ಓದಿ.

"ಸಾಧನೆ ನೋಡಿ ಕಾಯಂ ಹುದ್ದೆಗೆ ಪರಿಗಣಿಸಲಾಗುವುದು." ಇದರಿಂದ ಕಂಪನಿಗೆ ಯಾವ ಕಟ್ಟುಪಾಡೂ ಇಲ್ಲ. ಹಿಂದಿನ ತಂಡದಲ್ಲಿ ಎಷ್ಟು ಜನರಿಗೆ ಕೆಲಸ ಸಿಕ್ಕಿತು ಎಂದು ಕೇಳಿ. ಅವರಲ್ಲಿ ಇಬ್ಬರ ಜತೆ ನೇರವಾಗಿ ಮಾತಾಡಿ.

"ಸ್ಟೈಪೆಂಡ್ 5,000 ರೂಪಾಯಿವರೆಗೆ." ಸೊನ್ನೆ ಕೊಟ್ಟರೂ ಈ ಸಾಲು ಸುಳ್ಳಾಗುವುದಿಲ್ಲ. ಕನಿಷ್ಠ ಎಷ್ಟು ಎಂದು ಬರೆಸಿಕೊಳ್ಳಿ.

"ಅವಧಿ ಮೂರು ತಿಂಗಳು, ಅಗತ್ಯವಿದ್ದರೆ ವಿಸ್ತರಿಸಲಾಗುವುದು." ನಿಮ್ಮ ಒಪ್ಪಿಗೆ ಇದ್ದರೆ ಮಾತ್ರ ಎಂದು ಸೇರಿಸಲು ಹೇಳಿ.

"ಅವಧಿಗೆ ಮೊದಲೇ ಬಿಟ್ಟರೆ ತರಬೇತಿಯ ವೆಚ್ಚ ಭರಿಸಬೇಕು." ಇದು ಬಾಂಡ್. ಸಂಬಳವೇ ಇಲ್ಲದ ಕಡೆ ಬಾಂಡ್ ಕೇಳಿದರೆ ಒಪ್ಪಬೇಡಿ.

ಸ್ಟೈಪೆಂಡ್ ಇದ್ದರೆ ಅದರಲ್ಲಿ ತೆರಿಗೆ ಹಿಡಿಯುತ್ತಾರೆಯೇ ಎಂದೂ ಕೇಳಿ. ಕೆಲವು ಕಂಪನಿಗಳು ಇಂಟರ್ನ್‌ಗಳನ್ನು ಸಲಹೆಗಾರರ ಲೆಕ್ಕಕ್ಕೆ ಸೇರಿಸಿ ಶೇಕಡಾ 10 ಕಡಿತ ಮಾಡುತ್ತವೆ. ನಿಮ್ಮ ವರಮಾನ ತೆರಿಗೆಯ ಮಿತಿಗಿಂತ ಕಡಿಮೆಯಿದ್ದರೆ ರಿಟರ್ನ್ ಸಲ್ಲಿಸಿ ಆ ಹಣ ವಾಪಸ್ ಪಡೆಯಬಹುದು.

ಹಂತ 8: ಹಣ ಕೇಳಿದರೆ, ಮೂಲಪ್ರತಿ ಕೇಳಿದರೆ ಎದ್ದು ಬನ್ನಿ

ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ, ತರಬೇತಿ ಶುಲ್ಕ ಎಂಬ ಯಾವ ಹೆಸರಿನಲ್ಲೂ ಕೆಲಸಕ್ಕೆ ದುಡ್ಡು ಕೊಡಬೇಡಿ. ಕೊಟ್ಟ ಮೇಲೆ ಮೋಸ ಎಂದು ಗೊತ್ತಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅದು ಆನ್‌ಲೈನ್ ಹಣಕಾಸು ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಎಷ್ಟು ಬೇಗ ಹೇಳುತ್ತೀರೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಮೂಲ ಅಂಕಪಟ್ಟಿಯನ್ನು ಒತ್ತೆಯಾಗಿ ಇಟ್ಟುಕೊಳ್ಳುತ್ತೇವೆ ಎಂದರೆ ಒಪ್ಪಬೇಡಿ. ಶಿಕ್ಷಣದ ಪ್ರಮಾಣಪತ್ರ ಅಡವಿಡುವ ಸರಕಲ್ಲ ಎಂದು ಮದ್ರಾಸ್ ಹೈಕೋರ್ಟ್ ಒಂದಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಹೇಳಿದೆ. ಪರಿಶೀಲನೆಗೆ ತೋರಿಸಿ, ನೋಡಿ ಮುಗಿದ ಕೂಡಲೇ ವಾಪಸ್ ತೆಗೆದುಕೊಳ್ಳಿ.

ಸೇರಿದ ಮೇಲೆ

ಪ್ರತಿ ಶುಕ್ರವಾರ ಆ ವಾರ ಮಾಡಿದ ಕೆಲಸ, ಕಲಿತ ಸಾಫ್ಟ್‌ವೇರ್ ಅಥವಾ ಯಂತ್ರ, ಜತೆಗಿದ್ದವರ ಹುದ್ದೆ ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮುಂದಿನ ಸಂದರ್ಶನದಲ್ಲಿ ಬಾಯಿಗೆ ಬರಬೇಕಾದದ್ದು ಇದೇ. ಕಂಪನಿಯ ಗುಟ್ಟಿನ ಕಡತಗಳನ್ನು ಮಾತ್ರ ಮುಟ್ಟಬೇಡಿ. ವಾರಕ್ಕೆ ಒಂದು ಸಂಜೆ ಹೊಸ ಅರ್ಜಿಗಳಿಗೆಂದೇ ಮೀಸಲಿಡಿ. ತಮಿಳು ಕಲಿಯಿರಿ, ಕಾರ್ಖಾನೆಯ ಫೋರ್‌ಮನ್ ಇಂಗ್ಲಿಷಿನಲ್ಲಿ ಹೇಳದ ಎಷ್ಟೋ ವಿಷಯವನ್ನು ತಮಿಳಿನಲ್ಲಿ ಹೇಳಿಕೊಡುತ್ತಾರೆ. ಕೊನೆಯ ದಿನ ಪ್ರಮಾಣಪತ್ರ ಕೈಗೆ ಬಂದ ಮೇಲೆಯೇ ಐಡಿ ಕಾರ್ಡ್ ಹಿಂದಿರುಗಿಸಿ.

ಮನೆಯ ಹಿರಿಯರಿಗೂ ಒಂದು ಮಾತು. ಮಗ ಮಗಳು ಸಂಬಳವಿಲ್ಲದ ಕೆಲಸ ಬೇಡವೆಂದರೆ ಅದನ್ನು ಸೋಮಾರಿತನ ಎನ್ನಬೇಡಿ. "ಮೊದಲು ಸೇರಿಕೋ, ಆಮೇಲೆ ನೋಡೋಣ" ಎಂಬ ಒತ್ತಾಯದಿಂದಲೇ ಎಷ್ಟೋ ಮಕ್ಕಳು ಕೇಳಬೇಕಾದ್ದನ್ನು ಕೇಳದೆ ಸಹಿ ಹಾಕುತ್ತಾರೆ. ಸ್ಥಿತಿವಂತರ ಮಕ್ಕಳು ಆರು ತಿಂಗಳು ಬಿಟ್ಟಿಯಾಗಿ ದುಡಿದು ಅನುಭವ ಕೊಳ್ಳಬಲ್ಲರು. ಕೂಲಿಕಾರರ, ಸಣ್ಣ ರೈತರ ಮಕ್ಕಳಿಗೆ ಅದಾಗದು. ಅವರ ಪಾಲಿಗೆ 9,000 ರೂಪಾಯಿಯ ಆ ಕಾನೂನೇ ಬಾಗಿಲು.

ಈ ವಾರ ಮೂರು ಕೆಲಸ ಮುಗಿಸಿ: ಖರ್ಚಿನ ಹಾಳೆ ಬರೆಯಿರಿ, ಬ್ಯಾಂಕಿಗೆ ಹೋಗಿ ಆಧಾರ್ ಜೋಡಣೆ ಖಚಿತಪಡಿಸಿಕೊಳ್ಳಿ, ನ್ಯಾಟ್ಸ್‌ನಲ್ಲಿ ಹೆಸರು ನೋಂದಾಯಿಸಿ. ಚೆನ್ನೈಗೆ ಟಿಕೆಟ್ ಕಾಯ್ದಿರಿಸುವುದು ಆಮೇಲೆ.